ಒಂದು ಅಕ್ಕಿರೊಟ್ಟಿ, ಒಂದೂಕಾಲು ಗಂಟೆ

ಹೋದ ವರ್ಷ ಶ್ರಾವಣದಲ್ಲಿ ಹತ್ತು ದಿನ ಅಕ್ಕನ ಮನೆಯಲ್ಲಿದ್ದೆ. ಬೆಳಗಿನ ತಿಂಡಿಗೆ ಅಕ್ಕಿರೊಟ್ಟಿ, ಬೆಣ್ಣೆ, ಕಾಯಿಚಟ್ನಿ. ಅಕ್ಕನ ಮಗಳಿಗೆ ಹದಿನಾರು ವರ್ಷ. ಅವಳ ಮುಂದಿದ್ದ ಒಂದೇ ಒಂದು ರೊಟ್ಟಿ ಮುಗಿಯೋಕೆ ಒಂದೂಕಾಲು ಗಂಟೆ ಹಿಡಿಯಿತು. ಬೆಣ್ಣೆ ಕರಗಿ ತಟ್ಟೆಯ ಅಂಚಿಗೆ ಹರಿದು ಮತ್ತೆ ಗಟ್ಟಿಯಾಯಿತು. ಮಗು ಅಳುತ್ತಿತ್ತು. ಅಕ್ಕ ಪಕ್ಕದಲ್ಲೇ ಕೂತು "ಇನ್ನೊಂದು ತುತ್ತು ಕಂದಾ, ನಾನಿಲ್ಲೇ ಇದೀನಿ" ಅನ್ನುತ್ತಿದ್ದಳು, ಅಷ್ಟೇ. ಗದರಲಿಲ್ಲ, ಗೋಗರೆಯಲಿಲ್ಲ, ಎದ್ದು ಹೋಗಲೂ ಇಲ್ಲ. ಇದೇ ಚಿಕಿತ್ಸೆ ಅಂತ ನನಗೆ ಅರ್ಥವಾಗೋಕೆ ಎರಡು ದಿನ ಬೇಕಾಯಿತು.

ಕಾಯಿಲೆ ಅನೊರೆಕ್ಸಿಯಾ ನರ್ವೋಸಾ: ಸಾಮಾನ್ಯವಾಗಿ ದಪ್ಪಗಾಗುವ ಭಯದಿಂದ ಊಟ ಬಿಡುತ್ತಾ ಹೋಗಿ ದೇಹ ಸೊರಗುವ ಮನಸ್ಸಿನ ಕಾಯಿಲೆ. ಆ ಹೆಸರು ನಮ್ಮ ಕಿವಿಗೆ ಬೀಳುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ಮೊದಲು ಗ್ಯಾಸ್ಟ್ರಿಕ್ ಅಂದರು, ಎಂಡೋಸ್ಕೋಪಿ ಆಯಿತು. ಮುಟ್ಟು ನಿಂತಾಗ ಹೆಂಗಸರ ಡಾಕ್ಟರ ಹತ್ತಿರ ಹೋಗಿ ಹಾರ್ಮೋನ್ ಮಾತ್ರೆ ಆಯಿತು. ಮೊಮ್ಮಗಳು ಸೋಮವಾರ, ಶನಿವಾರ ಒಪ್ಪತ್ತು ಮಾಡ್ತಾಳೆ ಅಂತ ಅಜ್ಜಿಗೆ ಹೆಮ್ಮೆ. ಮದುವೆಮನೆಯಲ್ಲಿ "ಎಷ್ಟು ಸಣ್ಣಗಾಗಿದೀಯೇ, ಚೆನ್ನಾಗಿ ಕಾಣ್ತೀಯ" ಅಂದವರಲ್ಲಿ ನಾನೂ ಒಬ್ಬಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಅವಳು ಒಂದು ದಿನವೂ "ದಪ್ಪ ಆಗ್ತೀನಿ" ಅಂದವಳಲ್ಲ. ಹೊಟ್ಟೆಉಬ್ಬರ, ಹಸಿವಿಲ್ಲ, ಅಷ್ಟೇ ಹೇಳುತ್ತಿದ್ದಳು. ಏಷ್ಯಾದ ಎಷ್ಟೋ ರೋಗಿಗಳು ಹೀಗೇ ಹೇಳುತ್ತಾರೆ ಅಂತ ಹಾಂಕಾಂಗ್‌ನ ಮನೋವೈದ್ಯ ಸಿಂಗ್ ಲೀ 1990ರ ದಶಕದಲ್ಲೇ ಬರೆದಿದ್ದಾರೆ. ದಪ್ಪಗಾಗುವ ಭಯವನ್ನೇ ಹುಡುಕುತ್ತಾ ಕೂತರೆ ನಮ್ಮ ಮಕ್ಕಳು ಕಣ್ತಪ್ಪಿ ಹೋಗುತ್ತಾರೆ.

ನಾಡಿ ತೀರಾ ನಿಧಾನವಾದಾಗ ಬೆಂಗಳೂರಿಗೆ ಕರೆದುಕೊಂಡು ಹೋದರು, ಹನ್ನೆರಡು ದಿನ ಅಡ್ಮಿಟ್. ಇದನ್ನು ಎಲ್ಲ ಅಪ್ಪ ಅಮ್ಮಂದಿರೂ ತಿಳಿದುಕೊಳ್ಳಬೇಕು: ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಊಟ ತುಂಬಿಸಬಾರದು. ರಕ್ತದಲ್ಲಿ ಫಾಸ್ಫೇಟ್ ಎಂಬ ಲವಣ ಸರ್ರನೆ ಇಳಿದು ಹೃದಯಕ್ಕೇ ಕುತ್ತು ಬರಬಹುದು. ಅದಕ್ಕೇ ಮೊದಲ ದಿನಗಳಲ್ಲಿ ಪದೇಪದೇ ರಕ್ತಪರೀಕ್ಷೆ, ಇಸಿಜಿ, ಥಯಮಿನ್ ಎಂಬ ವಿಟಮಿನ್, ಅಳೆದು ಏರಿಸುವ ಊಟ. ತೀರಾ ಸೊರಗಿದ ಮಗುವಿಗೆ ಮನೆಯಲ್ಲೇ ತುರುಕಲು ಹೋಗಬೇಡಿ, ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ.

ಆಮೇಲಿನ ಕೆಲಸವೆಲ್ಲ ಮನೆಯದು. 1873-74ರಲ್ಲಿ ಈ ಕಾಯಿಲೆಗೆ ಹೆಸರಿಟ್ಟ ಲಂಡನ್ನಿನ ವೈದ್ಯ ವಿಲಿಯಂ ಗಲ್, ಇಂಥ ರೋಗಿಗಳನ್ನು ನೋಡಿಕೊಳ್ಳೋಕೆ ನೆಂಟರಿಷ್ಟರು ಲಾಯಕ್ಕಲ್ಲ ಎಂಬರ್ಥದ ಮಾತು ಬರೆದಿದ್ದ. ನೂರು ವರ್ಷ ದಾಟಿದ ಮೇಲೆ, 1980ರ ದಶಕದಲ್ಲಿ, ಅದೇ ಲಂಡನ್ನಿನ ಮಾಡ್‌ಸ್ಲಿ ಆಸ್ಪತ್ರೆಯವರು ಆ ಮಾತನ್ನು ತಿರುವಿ ಹಾಕಿದರು. ಮಗು ತಾನಾಗಿ ತಿನ್ನಲಾರದಷ್ಟು ದಿನ ಊಟದ ಹೊಣೆ ಹೆತ್ತವರದು. ತೂಕ ಕೂಡಿಕೊಂಡ ಹಾಗೆ ಆ ಹೊಣೆಯನ್ನು ಸ್ವಲ್ಪಸ್ವಲ್ಪವೇ ಮಗುವಿಗೆ ವಾಪಸ್ ಕೊಡುವುದು. ವಯಸ್ಸಿಗೆ ತಕ್ಕ ಉಳಿದ ಮಾತುಕತೆಯೆಲ್ಲ ಕೊನೆಗೆ. ಆರು ತಿಂಗಳಿಂದ ಒಂದು ವರ್ಷ, ಹೆಚ್ಚುಕಡಿಮೆ ಇಪ್ಪತ್ತು ಭೇಟಿ. ಹದಿಹರೆಯದವರಲ್ಲಿ, ಅದೂ ಬೇಗ ಶುರು ಮಾಡಿದರೆ, ಇದರಷ್ಟು ಪುರಾವೆ ಇರುವ ಚಿಕಿತ್ಸೆ ಇನ್ನೊಂದಿಲ್ಲ. ದೊಡ್ಡವರಿಗೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿಯಂಥ, ಅಂದರೆ ಮಾತುಕತೆಯಿಂದ ಯೋಚನೆ, ನಡವಳಿಕೆ ಬದಲಿಸುವಂಥ, ದಾರಿಗಳಿವೆ. ಇದನ್ನು ವಾಸಿ ಮಾಡುವ ಮಾತ್ರೆ ಮಾತ್ರ ಇವತ್ತಿಗೂ ಇಲ್ಲ. ಓಲಾಂಜಪೀನ್ ಎಂಬ ಮನೋರೋಗದ ಔಷಧ ಕೆಲವರಿಗೆ ಅಲ್ಪಸ್ವಲ್ಪ ಸಹಾಯ ಮಾಡುತ್ತದೆ, ಅಷ್ಟೇ.

"ಮನಸ್ಸು ಸರಿಯಾದರೆ ತಾನೇ ತಿಂತಾಳೆ, ಮೊದಲು ಕೌನ್ಸೆಲಿಂಗ್ ಕೊಡಿಸಿ" ಅಂತ ನೆಂಟರು ಹೇಳುತ್ತಲೇ ಇದ್ದರು. ನಾನೂ ಹಾಗೇ ಅಂದುಕೊಂಡಿದ್ದೆ, ಒಂದು ಹಳೆಯ ಪ್ರಯೋಗದ ಬಗ್ಗೆ ಓದುವವರೆಗೆ. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದ. ಗಟ್ಟಿಮುಟ್ಟಾಗಿದ್ದ ಆ ಗಂಡಸರು ಮಂಕಾದರು, ಸಿಡುಕಿದರು, ಜನರಿಂದ ದೂರವಾದರು, ಒಂದೊಂದು ತಟ್ಟೆ ಊಟವನ್ನು ಗಂಟೆಗಟ್ಟಲೆ ಎಳೆದರು. ಅದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಅಕ್ಕಿರೊಟ್ಟಿ. ಹಸಿದ ಮಿದುಳಿಗೆ ಬುದ್ಧಿಮಾತು ಇಳಿಯುವುದಿಲ್ಲ. ಒಂದು ರಾತ್ರಿ ಅವಳೇ ಹೇಳಿದಳು: "ಚಿಕ್ಕಿ, ತಿನ್ನಬೇಕು ಅಂತ ನಂಗೂ ಗೊತ್ತು. ಕೈ ಮುಂದೆ ಹೋಗಲ್ಲ. ಅಮ್ಮ ತಿನ್ನು ಅಂದಾಗ ನಾನು ಒಬ್ಬಳೇ ಯೋಚನೆ ಮಾಡೋದು ತಪ್ಪುತ್ತೆ."

ಅಕ್ಕ ಶಾಲೆಗೆ ಎಂಟು ತಿಂಗಳು ಸಂಬಳವಿಲ್ಲದ ರಜೆ ಹಾಕಿದಳು. ಮಧ್ಯಾಹ್ನದ ಊಟಕ್ಕೆ ಬಾವ ಅಂಗಡಿ ಮುಚ್ಚಿ ಬರುತ್ತಿದ್ದರು. ಎಷ್ಟು ಮನೆಗಳಿಗೆ ಇದು ಸಾಧ್ಯ? ವಿಮೆ ಕಂಪನಿ ಮೊದಲು ಇದು ಮಾನಸಿಕ ಕಾಯಿಲೆ ಅಂತ ಕೈ ಎತ್ತಿತು. ಮಾನಸಿಕ ಕಾಯಿಲೆಗೂ ಉಳಿದ ಕಾಯಿಲೆಗಳ ಹಾಗೇ ವಿಮೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಅದನ್ನು ತೋರಿಸಿ ಮೂರು ಪತ್ರ ಬರೆಯಬೇಕಾಯಿತು. ಪ್ರತಿ ಭೇಟಿಗೂ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರಬೇಕು. ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ, ಮಕ್ಕಳ ಡಾಕ್ಟರಿಗೆ ಈ ಕುಟುಂಬ ಚಿಕಿತ್ಸೆಯ ತರಬೇತಿ ಕೊಡಿ ಅನ್ನುವುದು ನನ್ನ ಒಂದೇ ಬೇಡಿಕೆ. ಇದಕ್ಕೆ ದೊಡ್ಡ ಯಂತ್ರ ಬೇಡ, ಕಲಿತವರು ಬೇಕು.

ಇದನ್ನು ಓದುತ್ತಾ ನಿಮ್ಮ ಮನೆಯ ಮಗು ನೆನಪಾದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಗು ತಲೆಸುತ್ತಿ ಬಿದ್ದರೆ, ಎದೆ ಹೊಡೆದುಕೊಂಡರೆ ಮಾತ್ರ ಫೋನಿಗೂ ಕಾಯದೆ ಆಸ್ಪತ್ರೆಗೆ ಹೋಗಿ.

ಈಗ ಸಂಜೆಯ ತಿಂಡಿ ಅವಳ ಕೈಗೇ ಬಿಟ್ಟಿದ್ದಾರೆ. ಕೆಲವು ದಿನ ಆಗುತ್ತದೆ, ಕೆಲವು ದಿನ ಆಗುವುದಿಲ್ಲ. ಆಗದ ದಿನ ಅಕ್ಕ ಮತ್ತೆ ಪಕ್ಕದಲ್ಲಿ ಕೂರುತ್ತಾಳೆ.