ಹಳೆ ಪಿಸಿಗೆ ವಿಂಡೋಸ್ 11: ಅಡ್ಡ ಬರುವುದು ಟಿಪಿಎಂ ಅಲ್ಲ

"ಈ ಪಿಸಿಗಿ ಹನ್ನೊಂದು ಬರಲ್ರೀ, ಹೊಸದೇ ತಗೋರಿ." 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಕಲಬುರಗಿಯ ಅಂಗಡಿಗಳಲ್ಲಿ ಈ ಮಾತು ಸಾಮಾನ್ಯವಾಗಿದೆ. ಪಕ್ಕದಲ್ಲೇ ಇನ್ನೊಬ್ಬರು "ಕೊಡ್ರಿ, ಅರ್ಧ ತಾಸಿನಾಗ ಹಾಕಿ ಕೊಡ್ತೀನಿ" ಅಂತ ಎಲ್ಲಿಂದಲೋ ಬಂದ 'ಲೈಟ್ ಎಡಿಷನ್' ತುರುಕಿ ಕಳಿಸುತ್ತಾರೆ. ಮೊದಲನೆಯವರದು ಅರ್ಧ ಸತ್ಯ, ಎರಡನೆಯವರದು ಪೂರ್ತಿ ಅಪಾಯ. ಮೈಕ್ರೋಸಾಫ್ಟ್ ಹಾಕಿರುವ ಬೇಲಿ ದಾಟುವುದು ಐದು ನಿಮಿಷದ ಕೆಲಸ. ಆದರೆ ಅದನ್ನು ದಾಟಿದ ಮೇಲೂ ಇನ್‌ಸ್ಟಾಲ್ ಕೈಕೊಡುತ್ತದೆ. ಹಾಗೆ ಕೈಕೊಡುವುದು ಬಹುತೇಕ ಪಿಸಿ ಹಳೆಯದಾಗಿರುವ ಕಾರಣಕ್ಕೆ, ಟಿಪಿಎಂ (ಕೀಲಿಗಳನ್ನು ಕಾಪಾಡುವ ಭದ್ರತಾ ಚಿಪ್) ಇಲ್ಲದ ಕಾರಣಕ್ಕಲ್ಲ.

ಅಧಿಕೃತವಾಗಿ ಬೇಕಾದದ್ದು ಇಂಟೆಲ್‌ನಲ್ಲಿ 8ನೇ ತಲೆಮಾರು ಅಥವಾ ಮೇಲಿನದು, ಎಎಂಡಿಯಲ್ಲಿ ರೈಜೆನ್ 2000 ಅಥವಾ ಮೇಲಿನದು, ಟಿಪಿಎಂ 2.0, ಸೆಕ್ಯೂರ್ ಬೂಟ್ (ಸಹಿ ಇರುವ ಬೂಟ್ ಫೈಲುಗಳನ್ನಷ್ಟೇ ಓಡಲು ಬಿಡುವ ವ್ಯವಸ್ಥೆ), 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಇವೆಲ್ಲ ಸೆಟಪ್ ಕೇಳುವ ಪ್ರಶ್ನೆಗಳು, ಕೇಳದಂತೆ ಮಾಡಬಹುದು. ನಿಜವಾದ ಗೋಡೆ ಬೇರೆ ಇದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊಸೆಸರಿನಲ್ಲಿ ಪಾಪ್‌ಕೌಂಟ್ ಮತ್ತು ಎಸ್‌ಎಸ್‌ಇ 4.2 ಸೂಚನೆಗಳು ಇರಲೇಬೇಕು. ಎಸ್‌ಎಸ್‌ಇ 4.2 ಇಲ್ಲದ ಕೋರ್ 2 ಡ್ಯೂಯೋ, ಕೋರ್ 2 ಕ್ವಾಡ್, ಎಎಂಡಿ ಫಿನಮ್‌ಗಳಲ್ಲಿ ಲೋಗೋ ಬಂದು ಮತ್ತೆ ರೀಸ್ಟಾರ್ಟ್ ಆಗುತ್ತಲೇ ಇರುತ್ತದೆ. ಇದಕ್ಕೆ ಯಾವ ಬೈಪಾಸೂ (ತಪ್ಪಿಸಿ ಹೋಗುವ ದಾರಿ) ಇಲ್ಲ, ಇದೆ ಅನ್ನುವವರ ಮಾತು ಕೇಳಬೇಡಿ. ಸಿಪಿಯು-ಝಡ್ (ಪ್ರೊಸೆಸರಿನ ವಿವರ ತೋರಿಸುವ ಪ್ರೋಗ್ರಾಂ) ತೆರೆದು 'ಇನ್‌ಸ್ಟ್ರಕ್ಷನ್ಸ್' ಸಾಲಿನಲ್ಲಿ ಎಸ್‌ಎಸ್‌ಇ 4.2 ಇದೆಯೇ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಮೊದಲ ತಲೆಮಾರಿನ ಐ3, ಐ5ಗಳಿಂದ ಮುಂದಕ್ಕೆ ಇದೆ.

6 ಮತ್ತು 7ನೇ ತಲೆಮಾರಿನ ಪಿಸಿ ಇರುವವರು ಮೊದಲು ಬಯೋಸ್ (ಪಿಸಿ ಆನ್ ಆದಾಗ ಮೊದಲು ಓಡುವ, ಬೋರ್ಡಿನೊಳಗಿನ ಪ್ರೋಗ್ರಾಂ) ಒಳಗೆ ಹೋಗಿ 'ಇಂಟೆಲ್ ಪಿಟಿಟಿ' (ಇಂಟೆಲ್ ಪಿಸಿಯೊಳಗೇ ಇರುವ ಟಿಪಿಎಂ) ಹುಡುಕಿ. ಟಿಪಿಎಂ 2.0 ಅಲ್ಲೇ ಆಫ್ ಆಗಿ ಕುಳಿತಿರುತ್ತದೆ. ಅದನ್ನು ಆನ್ ಮಾಡಿದರೆ ಪ್ರೊಸೆಸರ್ ಪಟ್ಟಿಯಲ್ಲಿಲ್ಲ ಅನ್ನುವ ತಕರಾರು ಒಂದೇ ಉಳಿಯುತ್ತದೆ.

ಈಗ ಐಎಸ್‌ಒ, ಅಂದರೆ ಇಡೀ ವಿಂಡೋಸ್ ಅಡಗಿರುವ ಇನ್‌ಸ್ಟಾಲ್ ಫೈಲಿನ ವಿಷಯ. ಇದರಲ್ಲಿ ನನಗೆ ರಾಜಿಯೇ ಇಲ್ಲ. ಮೈಕ್ರೋಸಾಫ್ಟ್ ಸೈಟಿನಿಂದ ನೇರವಾಗಿ ಇಳಿಸಿಕೊಂಡ ಐಎಸ್‌ಒಗೆ ಬೈಪಾಸ್ ಹಾಕುವುದು ಒಂದು, ಯಾರೋ ಬಿಚ್ಚಿ ಕತ್ತರಿಸಿ ಕಟ್ಟಿದ ಟೆಲಿಗ್ರಾಂ ಐಎಸ್‌ಒ ಹಾಕುವುದು ಇನ್ನೊಂದು. ಮೊದಲನೆಯದರಲ್ಲಿ ವಿಂಡೋಸ್ ಫೈಲುಗಳು ಹಾಗೇ ಇರುತ್ತವೆ, ಸೆಟಪ್‌ನ ತಪಾಸಣೆ ಮಾತ್ರ ತಪ್ಪುತ್ತದೆ. ಎರಡನೆಯದರಲ್ಲಿ ಡಿಫೆಂಡರ್ (ವಿಂಡೋಸ್‌ನದೇ ಆ್ಯಂಟಿವೈರಸ್) ಕಿತ್ತಿರುತ್ತಾರೆ, ಅಪ್‌ಡೇಟ್ ನಿಲ್ಲಿಸಿರುತ್ತಾರೆ, ಆ್ಯಕ್ಟಿವೇಟರ್ (ಕಳ್ಳ ಲೈಸೆನ್ಸ್ ಹಾಕುವ ಪ್ರೋಗ್ರಾಂ) ಕೂರಿಸಿರುತ್ತಾರೆ. ಒಳಗೆ ಇನ್ನೇನಿದೆ ಅಂತ ಕಟ್ಟಿದವನಿಗೆ ಮಾತ್ರ ಗೊತ್ತು. ಆ ಪಿಸಿಯಲ್ಲಿ ಕೂತು ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಮಾಡುವ ಆನ್‌ಲೈನ್ ಸೆಂಟರ್‌ಗಳು ಊರಲ್ಲಿ ಎಷ್ಟಿವೆ ಯೋಚಿಸಿ. ಡೌನ್‌ಲೋಡ್ ಪುಟದಲ್ಲೇ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಗುರುತಿನ ಸಂಖ್ಯೆ) ಕೊಟ್ಟಿರುತ್ತಾರೆ. ಕಮಾಂಡ್ ಪ್ರಾಂಪ್ಟಿನಲ್ಲಿ ಸರ್ಟ್‌ಯುಟಿಲ್ ಬಳಸಿ ನಿಮ್ಮ ಫೈಲಿನ ಹ್ಯಾಶ್ ತೆಗೆದು ತಾಳೆ ನೋಡಿ. ಅರ್ಧಕ್ಕೆ ಕಟ್ಟಾಗಿ ಮತ್ತೆ ಶುರುವಾದ ಡೌನ್‌ಲೋಡಿನಲ್ಲಿ ಫೈಲ್ ಕೆಟ್ಟಿದ್ದರೂ ಇದರಲ್ಲೇ ಸಿಕ್ಕಿಬೀಳುತ್ತದೆ.

ಆ ಐಎಸ್‌ಒದಿಂದ ಬೂಟ್ ಆಗುವ ಪೆನ್‌ಡ್ರೈವ್ ಮಾಡಲು ರೂಫಸ್ ಅನ್ನುವ ಪ್ರೋಗ್ರಾಂ, 4.6 ಅಥವಾ ಅದಕ್ಕಿಂತ ಹೊಸದು. 8 ಜಿಬಿ ಪೆನ್‌ಡ್ರೈವ್ ಸಾಕು. 'ಸ್ಟಾರ್ಟ್' ಒತ್ತಿದ ಮೇಲೆ ಬರುವ ಪೆಟ್ಟಿಗೆಯಲ್ಲಿ ರ‍್ಯಾಮ್, ಸೆಕ್ಯೂರ್ ಬೂಟ್, ಟಿಪಿಎಂ ತಪಾಸಣೆ ತೆಗೆಯುವುದಕ್ಕೆ, ಮೈಕ್ರೋಸಾಫ್ಟ್ ಖಾತೆಯ ಒತ್ತಾಯ ತೆಗೆಯುವುದಕ್ಕೆ ಟಿಕ್ ಹಾಕಿ. ಬೈಪಾಸ್ ಅಂದರೆ ಇಷ್ಟೇ. ಜನ ಎಡವುವುದು ಅದಕ್ಕಿಂತ ಮೊದಲಿನ ಎರಡು ಸಾಲಿನಲ್ಲಿ: ಪಾರ್ಟಿಶನ್ ಸ್ಕೀಮ್ ಮತ್ತು ಟಾರ್ಗೆಟ್ ಸಿಸ್ಟಮ್. ಪಿಸಿ ಯುಇಎಫ್‌ಐ (ಬಯೋಸ್‌ನ ಹೊಸ ರೂಪ) ಆಗಿದ್ದರೆ ಜಿಪಿಟಿ, ಹಳೆ ಲೆಗಸಿ ಬಯೋಸ್ ಆಗಿದ್ದರೆ ಎಂಬಿಆರ್; ಇವೆರಡೂ ಡಿಸ್ಕನ್ನು ಭಾಗ ಮಾಡುವ ಪದ್ಧತಿಗಳು. ಯಾವುದು ಅಂತ ತಿಳಿಯದಿದ್ದರೆ ಈಗಿರುವ ವಿಂಡೋಸ್‌ನಲ್ಲಿ ಎಂಎಸ್‌ಇನ್ಫೋ32 ತೆರೆದು 'ಬಯೋಸ್ ಮೋಡ್' ಸಾಲು ಓದಿ.

ಇಲ್ಲೊಂದು ತಿರುವಿದೆ. 2ನೇ, 3ನೇ ತಲೆಮಾರಿನ ಎಷ್ಟೋ ಬೋರ್ಡುಗಳು ಎರಡೂ ಮೋಡಿನಲ್ಲಿ ಬೂಟ್ ಆಗುತ್ತವೆ. ಬೂಟ್ ಮೆನುವಿನಲ್ಲಿ (ಡೆಲ್, ಲೆನೊವೊ, ಗಿಗಾಬೈಟ್‌ಗೆ ಎಫ್12, ಎಚ್‌ಪಿಗೆ ಎಫ್9, ಆಸುಸ್‌ಗೆ ಎಫ್8) ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಿಸಬಹುದು: ಒಮ್ಮೆ ಬರೀ ಹೆಸರು, ಒಮ್ಮೆ ಮುಂದೆ 'ಯುಇಎಫ್‌ಐ' ಅಂತ ಸೇರಿಸಿ. ಬರೀ ಹೆಸರು ಆರಿಸಿದರೆ ಲೆಗಸಿಯಲ್ಲಿ ಬೂಟ್ ಆಗುತ್ತದೆ. ಡಿಸ್ಕ್ ಜಿಪಿಟಿ ಇದ್ದರೆ "ಈ ಡಿಸ್ಕಿನಲ್ಲಿ ವಿಂಡೋಸ್ ಹಾಕಲಾಗದು" ಅನ್ನುವ ಸಂದೇಶ ಬರುತ್ತದೆ. ಡಿಸ್ಕ್ ಕೆಟ್ಟಿದೆ ಅಂತ ತಿಳಿದು ಹೊಸ ಡಿಸ್ಕಿಗೆ ಹಣ ಹಾಕುವುದು ಈ ಹಂತದಲ್ಲೇ. ವಾಪಸ್ ಹೋಗಿ 'ಯುಇಎಫ್‌ಐ' ಇರುವ ಸಾಲು ಆರಿಸಿದರೆ ಮುಗಿಯಿತು. ಆ ಸಾಲು ಆರಿಸಿದರೂ ಪರದೆ ಕಪ್ಪಾಗಿ ನಿಂತರೆ, ಬೋರ್ಡಿನ ಹಳೆ ಫರ್ಮ್‌ವೇರಿಗೆ ರೂಫಸ್ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಅರ್ಥವಾಗುತ್ತಿಲ್ಲ ಎಂದು ತಿಳಿಯಿರಿ. ಆಗ ಎಂಬಿಆರ್, ಲೆಗಸಿ ಆಯ್ಕೆಯಲ್ಲಿ ಪೆನ್‌ಡ್ರೈವ್ ಮತ್ತೆ ಮಾಡಿ. ಡಿಸ್ಕನ್ನೂ ಎಂಬಿಆರ್‌ಗೆ ತರಬೇಕಾಗುತ್ತದೆ, ಅಂದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.

ಪೆನ್‌ಡ್ರೈವನ್ನು ಹಿಂದಿನ ಯುಎಸ್‌ಬಿ 2.0 ಪೋರ್ಟಿಗೇ ಹಾಕಿ. ಹಳೆ ಬೋರ್ಡುಗಳ ನೀಲಿ ಪೋರ್ಟ್ ಬೇರೆ ಚಿಪ್ಪಿನ ಮೇಲಿದ್ದು ಬಯೋಸಿಗೆ ಕಾಣದೇ ಇರಬಹುದು. "ಮೀಡಿಯಾ ಡ್ರೈವರ್ ಇಲ್ಲ" ಅನ್ನುವ ಸಂದೇಶಕ್ಕೂ ಎಷ್ಟೋ ಸಲ ಮದ್ದು ಇದೇ, ಡ್ರೈವರ್ ಹುಡುಕಿ ಊರೆಲ್ಲ ಸುತ್ತಬೇಕಿಲ್ಲ. ಎಸ್‌ಎಸ್‌ಡಿ ಮತ್ತು ಹಳೆ ಹಾರ್ಡ್ ಡಿಸ್ಕ್ ಎರಡೂ ಇದ್ದರೆ ಇನ್‌ಸ್ಟಾಲ್ ಮುಗಿಯುವವರೆಗೆ ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ ಕಿತ್ತಿಡಿ. ಇಲ್ಲದಿದ್ದರೆ ಬೂಟ್ ಪಾರ್ಟಿಶನ್ ಹೋಗಿ ಹಳೆಯದರಲ್ಲಿ ಕೂರುತ್ತದೆ, ಮುಂದೊಂದು ದಿನ ಆ ಡಿಸ್ಕ್ ಸತ್ತರೆ ಚೆನ್ನಾಗಿರುವ ಎಸ್‌ಎಸ್‌ಡಿಯೂ ಬೂಟ್ ಆಗುವುದಿಲ್ಲ. ಮೊದಲ ರೀಸ್ಟಾರ್ಟಿನ ಹೊತ್ತಿಗೆ ಪೆನ್‌ಡ್ರೈವ್ ತೆಗೆಯಿರಿ. ತೆಗೆಯದಿದ್ದರೆ ಸೆಟಪ್ ಮತ್ತೆ ಮೊದಲಿನಿಂದ ಶುರುವಾಗಬಹುದು.

ಇನ್ನು ನಮ್ಮ ಭಾಗದ ನಿಜವಾದ ಖಳನಾಯಕ: ಬಯೋಸ್ ಸೆಟ್ಟಿಂಗು, ಗಡಿಯಾರ ಉಳಿಸುವ, ಬೋರ್ಡಿನ ಮೇಲಿನ ಸಿಆರ್2032 ಸೆಲ್. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಕಡೆಯಿಂದ ಬರುವ ಸೆಕೆಂಡ್ ಹ್ಯಾಂಡ್ ಆಫೀಸ್ ಪಿಸಿಗಳಲ್ಲಿ ಹತ್ತು ವರ್ಷದ ಹಳೆ ಸೆಲ್ ಹಾಗೇ ಇರುತ್ತದೆ. ಕರೆಂಟ್ ಇರುವವರೆಗೆ ಎಲ್ಲ ಸರಿ. ಕರೆಂಟ್ ಹೋಗಿ ಬಂದ ಕೂಡಲೇ ಬಯೋಸ್ ತನ್ನ ಮೂಲ ಸೆಟ್ಟಿಂಗಿಗೆ ಮರಳುತ್ತದೆ. ಬೋರ್ಡಿನ ಮೂಲ ಸೆಟ್ಟಿಂಗಿನಲ್ಲಿ ಸಾಟಾ ಮೋಡ್ (ಬೋರ್ಡು ಡಿಸ್ಕಿನ ಜೊತೆ ಮಾತಾಡುವ ರೀತಿ) ಹಳೆಯ 'ಐಡಿಇ' ಆಗಿದ್ದರೆ, ಹೊಸ ರೀತಿಯಾದ ಎಎಚ್‌ಸಿಐನಲ್ಲಿ ಹಾಕಿದ ವಿಂಡೋಸ್ ಮರುದಿನ ನೀಲಿ ಪರದೆ ತೋರಿಸಿ "ಇನ್ಆ್ಯಕ್ಸೆಸಿಬಲ್ ಬೂಟ್ ಡಿವೈಸ್" ಅನ್ನುತ್ತದೆ. "ಹನ್ನೊಂದು ಹಾಕಿದ್ದಕ್ಕೇ ಕೆಟ್ಟಿತು" ಅಂತ ಮತ್ತೆ ಫಾರ್ಮ್ಯಾಟ್ ಹೊಡೆಯುತ್ತಾರೆ. ಫಾರ್ಮ್ಯಾಟ್ ಆದ ಮೇಲೆ ಮುಂದಿನ ಲೋಡ್ ಶೆಡ್ಡಿಂಗಿಗೆ ಮತ್ತೆ ಅದೇ ಕಥೆ.

ಗುರುತು ಹಿಡಿಯುವುದು ಸುಲಭ. ಪವರ್ ಕೇಬಲ್ ಕಿತ್ತು ಐದು ನಿಮಿಷ ಬಿಟ್ಟು ಆನ್ ಮಾಡಿ. ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗಿದ್ದರೆ ಸೆಲ್ ಸತ್ತಿದೆ. ಮಲ್ಟಿಮೀಟರ್ ಇದ್ದರೆ ಅಳೆದು ನೋಡಿ: ಹೊಸದು 3 ವೋಲ್ಟ್‌ಗಿಂತ ತುಸು ಮೇಲೆ ತೋರಿಸುತ್ತದೆ, 2.7ರ ಕೆಳಗೆ ಇಳಿದಿದ್ದರೆ ಬದಲಿಸಿ. ಬದಲಿಸಿದ ಮೇಲೆ ಬಯೋಸ್‌ನಲ್ಲಿ ದಿನಾಂಕ ಸರಿಮಾಡಿ, ಸಾಟಾ ಮೋಡ್ ಎಎಚ್‌ಸಿಐ ಮಾಡಿ, ಸೇವ್ ಮಾಡಿದ ಮೇಲಷ್ಟೇ ವಿಂಡೋಸ್ ಹಾಕಿ. ದಿನಾಂಕ ತಪ್ಪಿದ್ದರೆ ಬ್ರೌಸರ್ ಸರ್ಟಿಫಿಕೇಟ್ ತಕರಾರು ತೆಗೆಯುತ್ತದೆ, ವಿಂಡೋಸ್ ಅಪ್‌ಡೇಟೂ ಸಿಕ್ಕಿಹಾಕಿಕೊಳ್ಳುತ್ತದೆ. ಪಿಟಿಟಿ ಬಳಸುವವರಿಗೆ ಇನ್ನೊಂದು ಗಂಡಾಂತರ: ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದು, ಸೆಲ್ ಸತ್ತು ಪಿಟಿಟಿ ಆಫ್ ಆದರೆ ವಿಂಡೋಸ್ ರಿಕವರಿ ಕೀ ಕೇಳುತ್ತದೆ. 48 ಅಂಕಿಯ ಆ ಕೀ ಬರೆದಿಟ್ಟುಕೊಂಡಿಲ್ಲದಿದ್ದರೆ ಡೇಟಾ ಹೋಯಿತು ಅಂತಲೇ.

ಮೇ ತಿಂಗಳ ಕಲಬುರಗಿಯಲ್ಲಿ ಇನ್‌ಸ್ಟಾಲ್ ಅರ್ಧಕ್ಕೆ ನಿಂತು ಪಿಸಿ ಆಫ್ ಆದರೆ ಸಾಫ್ಟ್‌ವೇರ್ ಬೈಯುವ ಮೊದಲು ಪ್ರೊಸೆಸರ್ ಫ್ಯಾನ್ ಕಳಚಿ ನೋಡಿ. ಹೀಟ್‌ಸಿಂಕ್ ಸಂದಿಯಲ್ಲಿ ಧೂಳು ಕಂಬಳಿಯಂತೆ ಕೂತಿರುತ್ತದೆ, ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿರುತ್ತದೆ. ಕೋಣೆಯೇ 40 ಡಿಗ್ರಿ ದಾಟಿದಾಗ ಫೈಲ್ ಬಿಚ್ಚುವ ಹಂತದಲ್ಲಿ ಪ್ರೊಸೆಸರಿಗೆ ಪೂರ್ತಿ ಕೆಲಸ ಬೀಳುತ್ತದೆ, ಅದು ಬಿಸಿಯಾಗಿ ತಾನೇ ಆರುತ್ತದೆ. ಆಫ್ ಆಗುವ ಬದಲು 0ಎಕ್ಸ್8007025ಡಿ ಅನ್ನುವ ದೋಷ ಬಂದರೆ ಅನುಮಾನ ಪೆನ್‌ಡ್ರೈವ್ ಮತ್ತು ರ‍್ಯಾಮ್ ಮೇಲೆ. ಎರಡು ರ‍್ಯಾಮ್ ಕಡ್ಡಿ ಇದ್ದರೆ ಒಂದನ್ನು ತೆಗೆದು ಇನ್‌ಸ್ಟಾಲ್ ಮಾಡಿ ನೋಡಿ, ಆಮೇಲೆ ಅದನ್ನು ಹಾಕಿ ಇನ್ನೊಂದನ್ನು ತೆಗೆದು. ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಒರೆಸಿ ಕೂರಿಸಿದರೇ ಎಷ್ಟೋ ಸಲ ಸರಿಹೋಗುತ್ತದೆ.

ಹಾರ್ಡ್ ಡಿಸ್ಕ್ ಮೇಲೆ ವಿಂಡೋಸ್ 11 ಹಾಕುವ ಯೋಚನೆ ಬಿಟ್ಟುಬಿಡಿ. 2ನೇ, 3ನೇ ತಲೆಮಾರಿನ ಇಂಟೆಲ್‌ಗೆ ಬರುವ ಎಚ್61 ಬೋರ್ಡಿನ ಸಾಟಾ ವೇಗ ಸೆಕೆಂಡಿಗೆ 3 ಗಿಗಾಬಿಟ್ ಮಾತ್ರ, ಹಾಗಾಗಿ ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗುವುದಿಲ್ಲ, ನಿಜ. ಆದರೂ ಹಾರ್ಡ್ ಡಿಸ್ಕಿಗೂ ಅದಕ್ಕೂ ಅಜಗಜಾಂತರ. ಹಾರ್ಡ್ ಡಿಸ್ಕಿನಲ್ಲಿ ತಾಸುಗಟ್ಟಲೆ ಎಳೆಯುವ ಇನ್‌ಸ್ಟಾಲಿಗೆ ಬ್ಯಾಟರಿ ಸೊರಗಿದ ಯುಪಿಎಸ್ ತಾಳುವುದಿಲ್ಲ. ರ‍್ಯಾಮ್ 8 ಜಿಬಿ ಇರಲಿ, 4 ಜಿಬಿಯಲ್ಲಿ ಕ್ರೋಮ್ ತೆರೆದರೆ ಸುಸ್ತು.

ಈಗಿರುವ ವಿಂಡೋಸ್ 10ರ ಮೇಲೆಯೇ ಅಪ್‌ಗ್ರೇಡ್ ಮಾಡುವವರು ಪೆನ್‌ಡ್ರೈವಿನ ಸೆಟಪ್ ಅನ್ನು ವಿಂಡೋಸ್ ಒಳಗಿನಿಂದಲೇ ಓಡಿಸಬಹುದು, ರೂಫಸ್ 4.6ರಿಂದ ಅದಕ್ಕೂ ದಾರಿ ಮಾಡಿದ್ದಾರೆ. ಫೈಲು, ಪ್ರೋಗ್ರಾಂ ಉಳಿಸಿಕೊಳ್ಳುವ ಆಯ್ಕೆ ಮಂಕಾಗಿ ಕಂಡರೆ ಭಾಷೆ ತಾಳೆಯಾಗುತ್ತಿಲ್ಲ ಅಂತ: ಪಿಸಿಯಲ್ಲಿ ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್ ಇದ್ದು ನೀವು ಇಂಗ್ಲಿಷ್ ಇಂಟರ್‌ನ್ಯಾಷನಲ್ ಇಳಿಸಿಕೊಂಡಿರುತ್ತೀರಿ. 32-ಬಿಟ್ ವಿಂಡೋಸ್ ಇದ್ದವರಿಗೆ ಅಪ್‌ಗ್ರೇಡ್ ದಾರಿಯೇ ಇಲ್ಲ, 11 ಬರುವುದು 64-ಬಿಟ್‌ನಲ್ಲಿ ಮಾತ್ರ. ಆ್ಯಕ್ಟಿವೇಶನ್ ಚಿಂತೆ ಬೇಡ, ಅದೇ ಬೋರ್ಡಿನಲ್ಲಿ ವಿಂಡೋಸ್ 10ಕ್ಕೆ ಡಿಜಿಟಲ್ ಲೈಸೆನ್ಸ್ ಇದ್ದರೆ 11ಕ್ಕೂ ನಡೆಯುತ್ತದೆ. ಕ್ಯಾಬಿನೆಟ್ ಮೇಲಿನ ವಿಂಡೋಸ್ 7 ಸ್ಟಿಕ್ಕರ್ ನಂಬಬೇಡಿ, ಆ ಉಚಿತ ದಾರಿಯನ್ನು 2023ರ ಸೆಪ್ಟೆಂಬರಿನಲ್ಲೇ ಮುಚ್ಚಿದ್ದಾರೆ.

ಹೊಸದಾಗಿ ಹಾಕುವಾಗ ಖಾತೆ ಕೇಳುವ ಹಂತದಲ್ಲಿ ಲ್ಯಾನ್ ಕೇಬಲ್ ಹಾಕಿರಬಾರದು. ನೆಟ್ ಸಿಕ್ಕರೆ ಅದು ಮೈಕ್ರೋಸಾಫ್ಟ್ ಖಾತೆಗೆ ಜೋತುಬೀಳುತ್ತದೆ. ಒಳಗೆ ಹೋದ ಮೇಲೆ ಲ್ಯಾನ್ ಡ್ರೈವರ್ ಇಲ್ಲದಿದ್ದರೆ ಮೊಬೈಲನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ವಿಂಡೋಸ್ ಅಪ್‌ಡೇಟ್ ತಾನೇ ಬಹಳಷ್ಟು ಡ್ರೈವರ್ ತಂದುಕೊಳ್ಳುತ್ತದೆ. ವಿಂಡೋಸ್ ಸೆಕ್ಯುರಿಟಿಯಲ್ಲಿರುವ 'ಮೆಮೊರಿ ಇಂಟೆಗ್ರಿಟಿ' ಅನ್ನುವ ರಕ್ಷಣೆ ಆನ್ ಮಾಡಲು ಹೋಗಬೇಡಿ. 7ನೇ ತಲೆಮಾರಿಗಿಂತ ಹಳೆ ಇಂಟೆಲ್‌ನಲ್ಲಿ ಅದಕ್ಕೆ ಬೇಕಾದ ಹಾರ್ಡ್‌ವೇರ್ ನೆರವಿಲ್ಲ, ಪಿಸಿ ನಿಧಾನವಾಗುತ್ತದೆ.

ಕನ್ನಡದ ಕೆಲಸ ಮಾಡುವವರಿಗೆ ಒಂದು ಮಾತು. ಫಾರ್ಮ್ಯಾಟ್ ಹೊಡೆಯುವ ಮೊದಲು ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹದ ಫಾಂಟುಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ನುಡಿ 01 ಇ ಫಾಂಟಿನಲ್ಲಿ ಟೈಪಾದ ಹಳೆ ಅರ್ಜಿ, ಠರಾವುಗಳು ಆ ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಫೈಲ್ ಕೆಟ್ಟಿರುವುದಿಲ್ಲ, ಫಾಂಟ್ ಹಾಕಿದರೆ ವಾಪಸ್ ಬರುತ್ತದೆ. ವಿಂಡೋಸ್‌ನದೇ ಹಳೆ ಕನ್ನಡ ಫಾಂಟ್ ತುಂಗಾ ಹೊಸ ಇನ್‌ಸ್ಟಾಲಿನಲ್ಲಿ ಇರದೇ ಹೋಗಬಹುದು. ಸೆಟ್ಟಿಂಗ್ಸ್‌ನ 'ಆಪ್ಷನಲ್ ಫೀಚರ್ಸ್' ಒಳಗೆ ಕನ್ನಡದ ಪೂರಕ ಫಾಂಟ್ ಅಂತ ಹುಡುಕಿ ಸೇರಿಸಬೇಕು. ಕ್ಯಾನನ್ ಎಲ್‌ಬಿಪಿ2900 ಪ್ರಿಂಟರ್ ಇದ್ದರೆ 64-ಬಿಟ್ ಡ್ರೈವರ್ ಇಳಿಸಿ ಸೆಟಪ್ ಓಡಿಸಿ, ಅದು ಕೇಳಿದ ಮೇಲಷ್ಟೇ ಕೇಬಲ್ ಸಿಕ್ಕಿಸಿ.

ಹೀಗೆ ಹಾಕಿದ ಪಿಸಿಗೆ ತಿಂಗಳ ಸುರಕ್ಷತಾ ಅಪ್‌ಡೇಟುಗಳು ಸಾಮಾನ್ಯವಾಗಿ ಬರುತ್ತವೆ, ಆದರೆ ಹಕ್ಕಿನಿಂದ ಕೇಳುವಂತಿಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿದೆ. ವರ್ಷಕ್ಕೊಮ್ಮೆಯ ದೊಡ್ಡ ಆವೃತ್ತಿ ತಾನಾಗಿ ಬರುತ್ತದೆ ಅಂತ ಕಾಯಬೇಡಿ. ಹೋಮ್ ಮತ್ತು ಪ್ರೊದ 24ಎಚ್2ಗೆ ಬೆಂಬಲ 2026ರ ಅಕ್ಟೋಬರ್ 13ರವರೆಗೆ, 25ಎಚ್2ಗೆ 2027ರ ಅಕ್ಟೋಬರ್ 12ರವರೆಗೆ. ಅದರೊಳಗೆ ಹೊಸ ಐಎಸ್‌ಒ ತಂದು ನೀವೇ ಮೇಲೇರಿಸಬೇಕು. ಈ ಕಾರಣಕ್ಕೇ ಬೆರಳಿನ ಗುರುತು ಓದುವ ಯಂತ್ರ ಇಟ್ಟು ಹಣ ತೆಗೆದುಕೊಡುವ ಸೆಂಟರಿನ ಪಿಸಿಗೆ ಇದನ್ನು ನಾನು ಒಪ್ಪುವುದಿಲ್ಲ. ಅವರು ಅಧಿಕೃತವಾಗಿ ಒಗ್ಗುವ ಪಿಸಿಯನ್ನೇ ಕೊಳ್ಳಲಿ. ಅಲ್ಲಿಯವರೆಗೆ ವಿಂಡೋಸ್ 10ರ ವಿಸ್ತೃತ ಸುರಕ್ಷತಾ ಅಪ್‌ಡೇಟಿಗೆ ಹೆಸರು ನೋಂದಾಯಿಸಲಿ. ಮನೆಬಳಕೆಯವರಿಗೆ ಆ ಯೋಜನೆಯೂ 2026ರ ಅಕ್ಟೋಬರ್ 13ರವರೆಗೇ. ಮನೆಯಲ್ಲಿ ಓದುವ ಮಕ್ಕಳಿಗೆ, ಟೈಪಿಂಗಿಗೆ, ಲೆಕ್ಕಪತ್ರಕ್ಕೆ ಧಾರಾಳವಾಗಿ ಹಾಕಿ. ಕೋರ್ 2 ಡ್ಯೂಯೋ ಇರುವವರು ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ನೋಡಿ. ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡಲು ಬಳಸುವ ಐಬಸ್‌ನ ಎಂ17ಎನ್ ಪಟ್ಟಿಯಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಇದೆ, ನುಡಿಯಲ್ಲಿ ಪಳಗಿದ ಕೈ ಅಲ್ಲೂ ಓಡುತ್ತದೆ.

ಕಾಮೆಂಟಿನಲ್ಲಿ ಕೇಳುವವರು ಬೋರ್ಡಿನ ಮಾಡೆಲ್, ಪ್ರೊಸೆಸರ್, ಬೂಟ್ ಆದದ್ದು ಲೆಗಸಿಯೋ ಯುಇಎಫ್‌ಐಯೋ, ಸೆಲ್ ಬದಲಿಸಿದ್ದೀರೋ ಇಲ್ಲವೋ ಇಷ್ಟು ಬರೆಯಿರಿ. ದೋಷದ ಸಂಖ್ಯೆ ಕಾಣುವಂತೆ ಪರದೆಯ ಫೋಟೋ ಹಾಕಿ. "ಆಗವಲ್ದು ಸರ್" ಅಂತ ಒಂದೇ ಸಾಲು ಬರೆದರೆ ನಾನೂ "ಸೆಲ್ ನೋಡ್ರಿ" ಅಂತ ಒಂದೇ ಸಾಲು ಬರೆಯುತ್ತೇನೆ.