ಬೆಡ್‌ಸೋರ್ ಆಗಲಿಲ್ಲ ಅಂದರೆ ಸಿಸ್ಟರ್ ಕೆಲಸ ಮಾಡಿದ್ದಾರೆ ಅಂತ ಅರ್ಥ

ಅರುಣಾ ಶಾನಭಾಗ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ದಯಾಮರಣದ ಕೇಸು. ಹೊನ್ನಾವರ ತಾಲ್ಲೂಕಿನ ಹಳದೀಪುರದವರು, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಮಾಡಿದ ಹಲ್ಲೆಯಿಂದ ಮಿದುಳಿಗೆ ಪೆಟ್ಟಾಗಿ ಹಾಸಿಗೆ ಹಿಡಿದವರು 2015ರ ಮೇ 18ರಂದು ತೀರಿಕೊಂಡರು. 2011ರ ಸುಪ್ರೀಂ ಕೋರ್ಟ್ ತೀರ್ಪಿನ ಬಗ್ಗೆ ಆಗಿರುವ ಚರ್ಚೆಗೆ ಲೆಕ್ಕವಿಲ್ಲ. ಆದರೆ ಅದೇ ತೀರ್ಪಿನಲ್ಲಿ ದಾಖಲಾದ ಇನ್ನೊಂದು ಸಂಗತಿಯ ಕಡೆ ಯಾರೂ ಅಷ್ಟಾಗಿ ನೋಡಲಿಲ್ಲ. ಅಷ್ಟು ವರ್ಷ ಮಲಗಿದಲ್ಲೇ ಇದ್ದರೂ ಅವರಿಗೆ ಒಂದೇ ಒಂದು ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಇರುವುದರಿಂದ ಆಗುವ ಹುಣ್ಣು, ಆಗಿರಲಿಲ್ಲ.

ಇದೆಂಥ ಸಾಧನೆ ಎಂದು ವಾರ್ಡಿನಲ್ಲಿ ಕೆಲಸ ಮಾಡುವವರಿಗೆ ಗೊತ್ತು. ಸೊಂಟ ಮುರಿದ ಅಜ್ಜಿಗೆ, ಲಕ್ವ ಹೊಡೆದ ಯಜಮಾನರಿಗೆ ಎರಡು ಮೂರು ದಿನದಲ್ಲೇ ಹುಣ್ಣು ಶುರುವಾಗಬಹುದು. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮ, ಮಾಂಸಕ್ಕೆ ರಕ್ತ ಹರಿಯುವುದು ನಿಂತಾಗ ಅದು ಒಳಗಿನಿಂದ ಸಾಯುತ್ತಾ ಬರುತ್ತದೆ. ಬಾಲಮೂಳೆಯ ಮೇಲ್ಭಾಗ, ಹಿಮ್ಮಡಿ, ಸೊಂಟದ ಪಕ್ಕ, ಮೊಣಕೈ, ತಲೆಯ ಹಿಂಭಾಗ, ಇವು ಮೊದಲು ಕೆಡುವ ಜಾಗಗಳು. ನಾವಾದರೆ ನಿದ್ದೆಯಲ್ಲೂ ಮಗ್ಗುಲು ಬದಲಿಸುತ್ತೇವೆ. ಆ ಶಕ್ತಿ ಇಲ್ಲದವರನ್ನು ಇನ್ನೊಬ್ಬರು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ತಿರುಗಿಸಬೇಕು.

ತಿರುಗಿಸುವುದಕ್ಕೂ ಒಂದು ಕ್ರಮ ಇದೆ. ಪೂರ್ತಿ ಪಕ್ಕಕ್ಕೆ ಹೊರಳಿಸಿದರೆ ಭಾರವೆಲ್ಲ ಸೊಂಟದ ಮೂಳೆಯ ಮೇಲೆ ಬೀಳುತ್ತದೆ. ಅದಕ್ಕೇ ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಮಾತ್ರ ವಾಲಿಸುವುದು. ಒಬ್ಬರೇ ಕಂಕುಳಿಗೆ ಕೈ ಹಾಕಿ ಎಳೆದರೆ ಚರ್ಮ ಬೆಡ್‌ಶೀಟಿಗೆ ಕಚ್ಚಿಕೊಂಡಿರುತ್ತದೆ, ಮೂಳೆ ಮಾತ್ರ ಸರಿಯುತ್ತದೆ, ನಡುವಿನ ಸಣ್ಣ ರಕ್ತನಾಳಗಳು ಹರಿಯುತ್ತವೆ. ಹಾಗಾಗಿ ಇಬ್ಬರು ಬೇಕು, ಅಡ್ಡಲಾಗಿ ಹಾಸಿದ ಡ್ರಾ ಶೀಟ್ ಹಿಡಿದು ಎತ್ತಿ ಸರಿಸಬೇಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಬೇಕು. ನೀರು ತುಂಬಿದ ಗ್ಲೌಸ್, ನಡುವೆ ತೂತಿರುವ ರಬ್ಬರ್ ರಿಂಗ್ ಇಡುವುದು ಬೇಡ. ರಿಂಗಿನ ಅಂಚು ಸುತ್ತಲಿನ ರಕ್ತಸಂಚಾರವನ್ನೇ ಒತ್ತಿಹಿಡಿಯುತ್ತದೆ. ಕೆಂಪಾದ ಜಾಗಕ್ಕೆ ಸ್ಪಿರಿಟ್ ಹಚ್ಚಿ ತಿಕ್ಕುವ ಹಳೆಯ ಅಭ್ಯಾಸವೂ ಬೇಡ. ಆಗಲೇ ನೊಂದಿರುವ ಮಾಂಸಕ್ಕೆ ಅದರಿಂದ ಇನ್ನಷ್ಟು ಪೆಟ್ಟು. ಏರ್ ಬೆಡ್ ತಂದು ಹಾಕಿದ್ದೇವಲ್ಲ ಎಂದು ಮನೆಯವರು ನಿಶ್ಚಿಂತರಾಗುತ್ತಾರೆ. ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ.

ಪ್ರತಿ ಸಲ ತಿರುಗಿಸುವಾಗ ಚರ್ಮ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಣ್ಣ ಮಾಸದೆ ಕೆಂಪಗೇ ಉಳಿದರೆ ಅದು ಮೊದಲ ಹಂತ. ಆದರೆ ನಮ್ಮ ಕಪ್ಪು, ಕಂದು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಸುತ್ತಲಿಗಿಂತ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ, ಮೆತ್ತಗೆ ಕೊಳೆತ ಹಣ್ಣಿನ ಹಾಗಿದೆಯಾ ಎಂದು ಕೈಯಿಂದಲೇ ತಿಳಿಯಬೇಕು. ಇದು ಯಾವ ಮಾನಿಟರಿನಲ್ಲೂ ಬರುವುದಿಲ್ಲ. ಜೊತೆಗೆ ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನಲ್ಲಿ ಆಹಾರ ಕೊಡುವಾಗ ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತಿರಬೇಕು, ಇಲ್ಲದಿದ್ದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಹಾಗೆ ಎತ್ತಿಟ್ಟರೆ ರೋಗಿ ಕೆಳಕ್ಕೆ ಜಾರುತ್ತಾರೆ, ಬಾಲಮೂಳೆಯ ಮೇಲೆ ಎಳೆತ ಬೀಳುತ್ತದೆ. ಫೀಡ್ ಕೊಡುವ ಹೊತ್ತು, ಮಗ್ಗುಲು ಬದಲಿಸುವ ಹೊತ್ತು ಎರಡನ್ನೂ ಹೊಂದಿಸಿಕೊಳ್ಳುವುದು ಸಿಸ್ಟರ್ ತಲೆಯಲ್ಲಿ ನಡೆಯುವ ಲೆಕ್ಕ.

ಈಗ ಇದನ್ನು ಡ್ಯೂಟಿಗೆ ಹೋಲಿಸಿ ನೋಡಿ. ರಾತ್ರಿ 8ರಿಂದ ಬೆಳಿಗ್ಗೆ 8, 12 ಗಂಟೆ. ಒಬ್ಬ ರೋಗಿಗೆ 6 ಸಲ. ವಾರ್ಡಿನಲ್ಲಿ ಅಂಥವರು 8 ಜನ ಇದ್ದರೆ 48 ಸಲ. ತಿರುಗಿಸಿ, ಒದ್ದೆಯಾಗಿದ್ದರೆ ಒರೆಸಿ, ಶೀಟಿನ ಸುಕ್ಕು ಬಿಡಿಸಿ, ಕ್ಯಾಥೆಟರ್ ಟ್ಯೂಬ್ ಮೈಕೆಳಗೆ ಸಿಗದಂತೆ ಸರಿಮಾಡಲು 10 ನಿಮಿಷ ಹಿಡಿದರೆ ಅದೊಂದಕ್ಕೇ 8 ಗಂಟೆ, ಅದೂ ಇಬ್ಬರದು. ಇನ್ನು ಇಂಜೆಕ್ಷನ್, ಡ್ರಿಪ್, ಹೊಸ ಅಡ್ಮಿಷನ್, ಕೇಸ್‌ಶೀಟು? ಆ ರಾತ್ರಿ ಒಬ್ಬರೇ ಸಿಸ್ಟರ್ ಇದ್ದರೆ ಮೊದಲು ಬಿಟ್ಟುಹೋಗುವುದು ಮಗ್ಗುಲು ಬದಲಿಸುವ ಕೆಲಸವೇ. ಇಂಜೆಕ್ಷನ್ ತಪ್ಪಿದರೆ ಬೆಳಿಗ್ಗೆ ರೌಂಡ್ಸಿನಲ್ಲಿ ಗೊತ್ತಾಗುತ್ತದೆ, ಮಗ್ಗುಲು ತಪ್ಪಿದ್ದು ನಾಲ್ಕು ದಿನ ಬಿಟ್ಟು ಹುಣ್ಣಾಗಿ ಕಾಣುತ್ತದೆ. ಆಗ ಬೈಗುಳ ಬೀಳುವುದು ಆ ದಿನ ಡ್ಯೂಟಿಯಲ್ಲಿ ಇದ್ದವರಿಗೆ.

ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ 5 ರೋಗಿಗೆ ಒಬ್ಬರು ಸಿಸ್ಟರ್, ಬೋಧಕ ಆಸ್ಪತ್ರೆಯಲ್ಲಿ 3 ರೋಗಿಗೆ ಒಬ್ಬರು, ರಜೆಗೆಂದು ಇನ್ನೂ ಶೇ. 30 ಜನ ಎನ್ನುವುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ನಿಮ್ಮವರು ಅಡ್ಮಿಟ್ ಆಗಿರುವ ವಾರ್ಡಿನಲ್ಲಿ ರಾತ್ರಿ ಹತ್ತಕ್ಕೆ ಒಮ್ಮೆ ಎಣಿಸಿ ನೋಡಿ.

ಸಂಬಳದ ಕತೆಯೂ ಅಷ್ಟೇ. ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಹೇಳಿದ ಮೇಲೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ ಖಾಸಗಿ ಆಸ್ಪತ್ರೆಗಳಿಗೆ ಸ್ಪಷ್ಟ ಶಿಫಾರಸು ಕೊಟ್ಟಿತು. 200ಕ್ಕಿಂತ ಹೆಚ್ಚು ಹಾಸಿಗೆ ಇದ್ದಲ್ಲಿ ಸರ್ಕಾರಿ ನರ್ಸ್‌ಗಳಿಗೆ ಸಮನಾದ ಸಂಬಳ, ಎಷ್ಟೇ ಚಿಕ್ಕ ಆಸ್ಪತ್ರೆಯಾದರೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇಲ್ಲ. ಅದು ಜಾರಿಯಾಗಬೇಕಾದದ್ದು ರಾಜ್ಯಗಳಲ್ಲಿ. ನರ್ಸ್‌ಗಳ ದಿನವಾದ ಮೇ 12ರಂದು ಮೇಣದಬತ್ತಿ ಹಚ್ಚಿ, ಗುಲಾಬಿ ಕೊಟ್ಟು ಫೋಟೊ ಹಾಕುವ ಆಡಳಿತ ಮಂಡಳಿಗಳನ್ನು ಈ ಅಂಕಿ ಇಟ್ಟುಕೊಂಡೇ ಕೇಳಬೇಕು.

ಕೆಇಎಂಗೆ ಮತ್ತೆ ಬರುತ್ತೇನೆ. ಅರುಣಾ ಅವರ ಪರವಾಗಿ ಮಾತಾಡುವ ಹಕ್ಕು ಯಾರದು ಎಂಬ ಪ್ರಶ್ನೆ ಬಂದಾಗ ಕೋರ್ಟು ಹೇಳಿದ್ದು, ದಯಾಮರಣ ಕೋರಿ ಅರ್ಜಿ ಹಾಕಿದವರದಲ್ಲ, ಹಗಲು ರಾತ್ರಿ ನೋಡಿಕೊಂಡ ಕೆಇಎಂ ಸಿಬ್ಬಂದಿಯದು ಎಂದು. ನರ್ಸ್‌ಗಳಿಗೆ ಸಿಕ್ಕ ಮನ್ನಣೆಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣುವುದಿಲ್ಲ. ಹಾಸಿಗೆ ಪಕ್ಕ ನಿಂತವರ ತಿಳಿವಳಿಕೆಗೆ ಅಲ್ಲಿ ಬೆಲೆ ಸಿಕ್ಕಿತು. ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ಇವತ್ತಿಗೂ ರೌಂಡ್ಸ್ ವೇಳೆ ಸಿಸ್ಟರನ್ನು ಕೇಳುವುದು "ಬಿಪಿ ಎಷ್ಟಮ್ಮಾ?" ಅಷ್ಟೇ. "ರಾತ್ರಿ ಹೇಗಿದ್ದರು, ನಿಮಗೇನು ಅನಿಸಿತು?" ಎಂದು ಕೇಳುವ ಡಾಕ್ಟರುಗಳೂ ಇದ್ದಾರೆ. ಅವರ ವಾರ್ಡಿನಲ್ಲಿ ಸಿಸ್ಟರ್‌ಗಳು ಸಣ್ಣ ಬದಲಾವಣೆಯನ್ನೂ ಹಿಂಜರಿಯದೆ ಹೇಳುತ್ತಾರೆ.

ಖರ್ಚಿಲ್ಲದೆ ನಾಳೆಯೇ ಶುರು ಮಾಡಬಹುದಾದದ್ದು ಒಂದಿದೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ಸರ್ಜನ್ ಹೆಸರು, ಅನಸ್ತೇಷಿಯಾ ಕೊಟ್ಟವರ ಹೆಸರು ಇರುತ್ತದೆ. ಅದರ ಕೆಳಗೆ ಎರಡು ಸಾಲು ಸೇರಿಸಿ. ಅಡ್ಮಿಟ್ ಆದಾಗ ಚರ್ಮದ ಸ್ಥಿತಿ ಹೇಗಿತ್ತು, ಹೋಗುವಾಗ ಹೇಗಿದೆ ಎಂಬುದು ಒಂದು. ಆರೈಕೆ ಮಾಡಿದ ವಾರ್ಡ್ ಸಿಸ್ಟರ್‌ಗಳ ಹೆಸರು ಇನ್ನೊಂದು. ರೋಗಿಯ ಮನೆಯವರು ಕೇಳಿದರೆ ಆಸ್ಪತ್ರೆಯವರು ಇಲ್ಲ ಎನ್ನುವುದು ಕಷ್ಟ. ಕೇಳಿ.