ಹಿತ್ತಲಿನ ಹಲಸಿನ ಮರ

ಮೂರು ವರ್ಷದಿಂದ ನಾನು ಬಿಡಿಸುತ್ತಿರುವುದು ಒಂದೇ ಮರವನ್ನ. ಸಾಗರದ ನಮ್ಮ ಮನೆ ಹಿತ್ತಲಿನ ಹಲಸಿನ ಮರ.

"ಪೆನ್ಸಿಲ್ಲೋ ಜಲವರ್ಣವೋ, ಒಂದನ್ನ ಹಿಡ್ಕೊಂಡು ಕೈ ಪಳಗಿಸು" ಅಂತ ಗೆಳೆಯರು ಹೇಳುತ್ತಲೇ ಇರುತ್ತಾರೆ. ಚಿತ್ರ ಬರೆದೇ ಬದುಕುವವರಿಗೆ ಆ ಮಾತು ಸರಿ ಇರಬಹುದು. ನನ್ನಂಥ ಹವ್ಯಾಸಿಗೆ ಅದು ಬೇಡ ಅಂತಲೇ ನನ್ನ ಅಭಿಪ್ರಾಯ. ನನಗೆ ಬೇಕಿರುವುದು ಮರದ ಪರಿಚಯ. ಕೈಯಲ್ಲಿರುವ ಸಾಮಾನು ಬದಲಾದರೆ ಕಣ್ಣು ಹೋಗುವ ಜಾಗವೂ ಬದಲಾಗುತ್ತದೆ.

ಪೆನ್ಸಿಲ್ ಹಿಡಿದಾಗ ಕೊಂಬೆ ಕಂಡಿತು. ಜಲವರ್ಣದಲ್ಲಿ ಎಲೆಯ ಹೊಳಪು ಕಂಡಿತು. ತೊಗಟೆಗೆ ತೆಳು ಕಾಗದ ಒತ್ತಿ ಇದ್ದಿಲು ಉಜ್ಜಿದಾಗ, ಹಿಂದೆಲ್ಲ ಕಾಯಿ ಜೋತುಬಿದ್ದಿದ್ದ ಗಂಟುಗಳು ಒಂದೊಂದಾಗಿ ಮೂಡಿದವು.

ಆದರೆ ಜಾಸ್ತಿ ಕಲಿಸಿದ್ದು ಮಣ್ಣು. ಗಣಪತಿ ಮಾಡುವವರ ಹತ್ತಿರ ಒಂದು ಮುದ್ದೆ ಜೇಡಿಮಣ್ಣು ಕೇಳಿ ತಂದು ಹಲಸಿನಕಾಯಿ ಮಾಡಲು ಕೂತೆ. ಸುಮ್ನೆ ಮುಳ್ಳು ಅಂಟಿಸಿದರೆ ಆಯಿತು ಅಂದುಕೊಂಡಿದ್ದೆ. ಕಾಯಿಯನ್ನ ಪಕ್ಕದಲ್ಲಿಟ್ಟು ನೋಡಿದರೆ, ಒಂದೊಂದು ಮುಳ್ಳಿನ ಬುಡಕ್ಕೂ ಐದೋ ಆರೋ ಮೂಲೆ. ಪಕ್ಕದ್ದಕ್ಕೆ ಒತ್ತಿಕೊಂಡು, ನಡುವೆ ಚೂರೂ ಜಾಗವಿಲ್ಲ. ಯಾಕೆ ಹೀಗೆ ಅಂತ ಓದುತ್ತಾ ಹೋದೆ. ಹಲಸು ಒಂದು ಹೂವಿನ ಹಣ್ಣಲ್ಲ, ನೂರಾರು ಹೂವು ಕೂಡಿ ಆದದ್ದು. ಒಂದೊಂದು ಮುಳ್ಳೂ ಒಂದು ಹೂವಿನ ಗುರುತು. ಕಾಳುಕಟ್ಟಿದ ಹೂವು ತೊಳೆಯಾಗುತ್ತದೆ, ಕಟ್ಟದೇ ಹೋದದ್ದು ನಡುವಿನ ಎಳೆಯಾಗಿ ಉಳಿಯುತ್ತದೆ. ಅಮ್ಮನಿಗೆ ಹೇಳಿದೆ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹಣ್ಣು ಬಿಡಿಸುತ್ತಿದ್ದವರು ಹಾಗೇ ನಿಲ್ಲಿಸಿದರು. "ಇಷ್ಟು ವರ್ಷ ಮೇಣ ಮೆತ್ತಿಕೊಂಡಿದ್ದೇ ಬಂತು, ಇದು ಹೂವು ಅಂತ ಯಾರೂ ಹೇಳಿರಲಿಲ್ಲ ನೋಡು" ಅಂದರು.

ಈಗ ಹಲಸಿನಿಂದಲೇ ಬಣ್ಣ ತೆಗೆಯುತ್ತಿದ್ದೇನೆ. ಈ ಧೈರ್ಯ ಬಂದಿದ್ದು ನಮ್ಮ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಮನೆ ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರ ನೋಡಿ. ಅಕ್ಕಿಯಿಂದ ಬಿಳಿ, ಹುರಿದು ಸೀಸಿದ ಅಕ್ಕಿಯಿಂದ ಕಪ್ಪು, ಕೆಮ್ಮಣ್ಣಿನಿಂದ ಕೆಂಪು, ಗುರಿಗೆ ಬೀಜದಿಂದ ಹಳದಿ. ಕುಂಚಕ್ಕೆ ಪುಂಡಿ ನಾರು. ಅಂಗಡಿ ಬಣ್ಣವಿಲ್ಲದೆ ಅಂಥ ಗೋಡೆಗಳು ಎದ್ದು ನಿಂತಿವೆ, ಅಲ್ವಾ?

ಹಲಸಿನ ಮರದ ತಿರುಳು ಹಳದಿ. ಬಡಗಿಯವರು ಕೊಟ್ಟ ಚಕ್ಕೆಯನ್ನ ನೀರಲ್ಲಿ ಕುದಿಸಿ, ಚಿಟಿಕೆ ಪಟಿಕ ಹಾಕಿ ಸೋಸಿದ್ದೇನೆ. ಮೊದಲ ಸಲದ್ದು ತೆಳುವಾಯಿತು. ನಿನ್ನೆ ಅದೇ ನೀರನ್ನ ಅರ್ಧಕ್ಕೆ ಇಂಗಿಸಿ, ಉದುರಿದ ಒಂದು ಹಣ್ಣೆಲೆಯ ಪಕ್ಕ ಕಾಗದವಿಟ್ಟು ಬಳಿದೆ. ಎಲೆಯ ಹಳದಿಗೂ ಕಾಗದದ ಹಳದಿಗೂ ಸ್ವಲ್ಪವೇ ವ್ಯತ್ಯಾಸ ಉಳಿದಿದೆ.